ನೀರಗಂಟಿ ಇಲ್ಲದ ತೂಬು: ನೂರು ಕೋಣೆಯ ಎಸಿ ಒಂದೇ ತಂತಿಗೆ ಬಂದ ಕಥೆ

ಕಳೆದ ಬೇಸಿಗೆಯಲ್ಲಿ ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಐಟಿಐ ಮುಗಿಸಿದ ಹುಡುಗ, ಎಸಿ ವೈರಿಂಗ್ ಕೆಲಸ. ಸಂಜೆ ಬೋರ್‌ವೆಲ್ ಹತ್ತಿರ ಕೂತಿದ್ದಾಗ ಕೇಳಿದೆ: "ಅಲ್ಲಿ ನಿಂದು ಏನಪ್ಪಾ ಕೆಲಸ?"

"ಅಣ್ಣ, ಒಂದೊಂದು ಬಿಲ್ಡಿಂಗಲ್ಲಿ ನೂರಾರು ಕೋಣೆ. ಕೋಣೆಗೊಂದು ಎಸಿ. ಅವನ್ನೆಲ್ಲ ತಂತಿ ಎಳೆದು ಕೆಳಗಡೆ ಒಂದು ಕಂಪ್ಯೂಟರ್‌ಗೆ ಸೇರಿಸ್ತೀವಿ. ಯಾವ ಕೋಣೆ ಎಸಿ ಬೇಕಾದ್ರೂ ಅಲ್ಲೇ ಕೂತು ಆನ್ ಮಾಡಬಹುದು, ಆಫ್ ಮಾಡಬಹುದು."

ಅಷ್ಟರಲ್ಲಿ ತ್ರೀ ಫೇಸ್ ಬಂತು. ಸುತ್ತಲಿನ ಹೊಲಗಳ ಮೋಟರ್‌ಗಳೆಲ್ಲ ಒಂದೇ ಏಟಿಗೆ ಗುಂಯ್ ಎಂದವು. ಎಲ್ಲರದ್ದೂ ಆಟೋ ಸ್ಟಾರ್ಟರ್. ಹಿಂದಿನ ವರ್ಷ ಹೀಗೇ ಎಲ್ಲ ಒಟ್ಟಿಗೆ ಎದ್ದು ನಮ್ಮ ಭಾಗದ ಟಿಸಿ ಸುಟ್ಟುಹೋಗಿ, ಹನ್ನೊಂದು ದಿನ ನೀರಿಲ್ಲದೆ ಟೊಮೆಟೊ ಒಣಗಿತ್ತು. ಅವನು ಮೋಟರ್ ಸದ್ದು ಕೇಳಿ ನಕ್ಕ. "ಇದು ಅಲ್ಲಿ ಆಗದ ಹಾಗೆ ನೋಡ್ಕೊಳ್ಳೋದೇ ಅಣ್ಣ ನಮ್ಮ ಕೆಲಸ" ಅಂದ.

ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಈ ತಂತಿ ಎಳೆಯೋದು ಯಾವಾಗ ಶುರುವಾಯಿತು, ಯಾಕೆ ಶುರುವಾಯಿತು ಅಂತ ಹುಡುಕಿ ಓದುತ್ತಾ ಹೋದೆ. ದೊಡ್ಡ ಕಾರ್ಖಾನೆಯಲ್ಲೋ ಅರಮನೆಯಲ್ಲೋ ಶುರುವಾಗಿರಬೇಕು ಅಂದುಕೊಂಡಿದ್ದೆ. ಅದು ಶುರುವಾಗಿದ್ದು ಒಬ್ಬ ಮೇಷ್ಟ್ರ ಕ್ಲಾಸಿನಲ್ಲಿ.

ಪಾಠದ ನಡುವೆ ಬರುವ ಮನುಷ್ಯ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ವೈಟ್‌ವಾಟರ್ ಅಂತ ಒಂದು ಸಣ್ಣ ಊರು. ಅಲ್ಲಿ ಶಿಕ್ಷಕರ ತರಬೇತಿ ಶಾಲೆಯೊಂದಿತ್ತು. ನಮ್ಮ ಹಳೆಯ ಟಿಸಿಎಚ್ ಕಾಲೇಜಿನಂಥದ್ದು ಅಂದುಕೊಳ್ಳಿ. 1880ರ ಆಸುಪಾಸಿನಲ್ಲಿ ಅಲ್ಲಿ ವಾರೆನ್ ಜಾನ್ಸನ್ ಎಂಬ ಮೇಷ್ಟ್ರು ಪಾಠ ಮಾಡುತ್ತಿದ್ದರು.

ಅದು ಹಿಮ ಬೀಳುವ ಸೀಮೆ. ಅಲ್ಲಿ ತಂಪು ಯಾರಿಗೂ ಬೇಕಿರಲಿಲ್ಲ, ಬೇಕಿದ್ದದ್ದು ಬೆಚ್ಚಗಿನ ಕೋಣೆ. ಕಟ್ಟಡದ ನೆಲಮಾಳಿಗೆಯಲ್ಲಿ ದೊಡ್ಡ ಒಲೆ ಉರಿಯುತ್ತಿತ್ತು. ಅಲ್ಲಿಂದ ಒಂದೊಂದು ಕೋಣೆಗೆ ಎಷ್ಟು ಬಿಸಿ ಹೋಗಬೇಕು ಅನ್ನುವುದನ್ನು ಮುಚ್ಚಳಗಳನ್ನು ತೆರೆದು, ಮುಚ್ಚಿ ತೀರ್ಮಾನಿಸಬೇಕಿತ್ತು. ಕೆರೆಯ ತೂಬಿನ ಹಾಗೆ.

ಆ ತೂಬಿಗೂ ಒಬ್ಬ ನೀರಗಂಟಿ ಇದ್ದ. ಶಾಲೆಯ ಜವಾನನೇ ಆ ಕೆಲಸ ಮಾಡುತ್ತಿದ್ದ. ಆಗಾಗ ಒಂದೊಂದೇ ಕೋಣೆಗೆ ಹೋಗಿ, ಒಳಗೆ ಸೆಕೆಯಾಗಿದೆಯೋ ಚಳಿಯಾಗಿದೆಯೋ ನೋಡಿ, ಮತ್ತೆ ಕೆಳಗಿಳಿದು ಮುಚ್ಚಳ ಸರಿಮಾಡಬೇಕು. ನಮ್ಮ ನೀರಗಂಟಿ ಗದ್ದೆ ಬಯಲು ಸುತ್ತಿ ಬಂದು ತೂಬು ಎತ್ತುತ್ತಿದ್ದನಲ್ಲ, ಹಾಗೆಯೇ. ಆದರೆ ಅವನು ಬಾಗಿಲು ತೆರೆದಾಗಲೆಲ್ಲ ಪಾಠ ನಿಲ್ಲುತ್ತಿತ್ತು.

ಜಾನ್ಸನ್ ಮೇಷ್ಟ್ರು ಇದಕ್ಕೆ ಒಂದು ದಾರಿ ಹುಡುಕಿದರು. ಕೋಣೆಯ ಶಾಖವನ್ನು ತಾನೇ ಗುರುತಿಸುವ ಒಂದು ಸಣ್ಣ ಯಂತ್ರ ಮಾಡಿ ಕ್ಲಾಸಿನಲ್ಲಿಟ್ಟರು. ಎರಡು ಬೇರೆ ಬೇರೆ ಲೋಹದ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿದರೆ, ಬಿಸಿ ತಾಗಿದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆಗ ಪಟ್ಟಿ ಬಾಗುತ್ತದೆ. ನಿಮ್ಮ ಮನೆಯ ಕರೆಂಟ್ ಇಸ್ತ್ರಿ ಪೆಟ್ಟಿಗೆ ಕಾದ ಮೇಲೆ 'ಟಕ್' ಅಂತ ತಾನೇ ಆಫ್ ಆಗುವುದರ ಹಿಂದೆಯೂ ಇದೇ ಗುಟ್ಟು ಇರುತ್ತದೆ. ಮೇಷ್ಟ್ರ ಯಂತ್ರದಲ್ಲಿ ಪಟ್ಟಿ ಬಾಗಿದಾಗ ಬ್ಯಾಟರಿಯ ಸರ್ಕ್ಯೂಟ್ ಕೂಡಿಕೊಂಡು, ತಂತಿಯ ಆ ತುದಿಯಲ್ಲಿ, ಕೆಳಗಿನ ಒಲೆಯ ಕೋಣೆಯಲ್ಲಿ ಗಂಟೆ ಬಾರಿಸುತ್ತಿತ್ತು. ಗಂಟೆ ಕೇಳಿದ ಜವಾನ ಆ ಕೋಣೆಯ ಮುಚ್ಚಳ ಸರಿಮಾಡುತ್ತಿದ್ದ. ಪಾಠ ನಡೆಯುತ್ತಲೇ ಇರುತ್ತಿತ್ತು.

1883ರ ಜುಲೈನಲ್ಲಿ ಅವರಿಗೆ ಇದರ ಪೇಟೆಂಟ್ ಸಿಕ್ಕಿತು. 'ಎಲೆಕ್ಟ್ರಿಕ್ ಟೆಲಿ-ಥರ್ಮೋಸ್ಕೋಪ್' ಅಂತ ಹೆಸರು.

ಇಲ್ಲಿ ಒಂದು ವಿಷಯ ಗಮನಿಸಿ. ಕೋಣೆಯಿಂದ ಕೆಳಮನೆಗೆ ಎಳೆದ ಆ ಮೊದಲ ತಂತಿ ಕೋಣೆಗೆ ಯಾವ ಆಜ್ಞೆಯನ್ನೂ ಒಯ್ಯಲಿಲ್ಲ. ಕೋಣೆಯ ಮಾತನ್ನು ಕೆಳಗೆ ತಂದುಕೊಟ್ಟಿತು, ಅಷ್ಟೇ. ಮೊದಲು ಹುಟ್ಟಿದ್ದು ಕಿವಿ. ಕೈ ಆಮೇಲೆ ಬಂತು.

ಕೈ ಬಂದ ಬಗೆ

1885ರಲ್ಲಿ ಜಾನ್ಸನ್ ಶಾಲೆ ಬಿಟ್ಟು ಮಿಲ್ವಾಕಿ ನಗರದಲ್ಲಿ ಕಂಪನಿ ಕಟ್ಟಿದರು. ಅದೇ ಸುಮಾರಿಗೆ ಮಿನಿಯಾಪೊಲಿಸ್‌ನಲ್ಲಿ ಆಲ್ಬರ್ಟ್ ಬಟ್ಜ್ ಎಂಬುವರು ಒಲೆಯ ಗಾಳಿಬಾಯಿಯನ್ನು ತಾನಾಗಿ ತೆರೆದು ಮುಚ್ಚುವ ಸಾಧನ ಮಾಡಿ ಇನ್ನೊಂದು ಕಂಪನಿ ಶುರುಮಾಡಿದರು. ಮುಂದೆ ಅದು ಬೆಳೆದು ಹನಿವೆಲ್ ಆಯಿತು. ಈ ಎರಡು ಹೆಸರುಗಳನ್ನು ಇವತ್ತಿಗೂ ದೊಡ್ಡ ಕಟ್ಟಡಗಳ ಕಂಟ್ರೋಲ್ ಪ್ಯಾನೆಲ್ ಮೇಲೆ ನೋಡಬಹುದು.

ಗಂಟೆ ಬಾರಿಸಿದರೂ ಮುಚ್ಚಳ ಸರಿಸಲು ಮನುಷ್ಯ ಬೇಕಿತ್ತು. ಜಾನ್ಸನ್ ಅದಕ್ಕೂ ದಾರಿ ಮಾಡಿದರು. ಸಣ್ಣ ಕೊಳವೆಗಳಲ್ಲಿ ಒತ್ತಿದ ಗಾಳಿ ತುಂಬಿ, ಕೋಣೆಯ ಶಾಖಕ್ಕೆ ತಕ್ಕಂತೆ ಆ ಗಾಳಿಯ ಒತ್ತಡ ಏರಿಳಿಯುವ ಹಾಗೆ ಮಾಡಿದರು. ಆ ಒತ್ತಡವೇ ಮುಚ್ಚಳವನ್ನು ತಳ್ಳುತ್ತಿತ್ತು. ಬಸ್ಸಿನ ಏರ್ ಬ್ರೇಕ್ 'ಉಸ್' ಅನ್ನುತ್ತದಲ್ಲ, ಅದೇ ಶಕ್ತಿ, ಆದರೆ ಬಹಳ ಮೆಲ್ಲಗೆ. ಒಂದೇ ಕಟ್ಟಡದ ಬೇರೆ ಬೇರೆ ಕೋಣೆಗಳಿಗೆ ಬೇರೆ ಬೇರೆ ಶಾಖ ಕೊಡುವ ಈ ಏರ್ಪಾಡಿಗೆ 1895ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಎಷ್ಟೋ ದಶಕ ದೊಡ್ಡ ಕಟ್ಟಡಗಳು ಇದೇ ಗಾಳಿಯ ಬಲದಲ್ಲಿ ನಡೆದವು.

ಜವಾನನ ಓಡಾಟ ನಿಂತಿತು. ಅವನ ಕೆಲಸವೂ ಅರ್ಧ ಹೋಯಿತು.

ತಂಪು ಹುಟ್ಟಿದ್ದು ಪ್ರೆಸ್ಸಿನಲ್ಲಿ

ಅಲ್ಲಿಯವರೆಗೆ ನಡೆದದ್ದೆಲ್ಲ ಬಿಸಿಯ ಕಥೆ. ತಂಪಿನ ಕಥೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನಿಂದ ಶುರುವಾಗುತ್ತದೆ. ಬಣ್ಣದ ಚಿತ್ರ ಅಚ್ಚು ಹಾಕುವಾಗ ಒಂದೇ ಹಾಳೆ ಹಲವು ಸಲ ಮಷೀನಿಗೆ ಹೋಗಬೇಕು. ಬೇಸಿಗೆಯ ತೇವದ ಗಾಳಿಗೆ ಹಾಳೆ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. ಊರಿನ ಜಾತ್ರೆ ಕರಪತ್ರದಲ್ಲಿ ದೇವರ ಮುಖದ ಬಣ್ಣ ಪಕ್ಕಕ್ಕೆ ಸರಿದಿರುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. 1902ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ 25 ವರ್ಷದ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್, ಗಾಳಿಯ ತೇವ ಮತ್ತು ಶಾಖ ಎರಡನ್ನೂ ಹಿಡಿತದಲ್ಲಿಡುವ ವ್ಯವಸ್ಥೆಯ ನಕ್ಷೆ ಹಾಕಿಕೊಟ್ಟರು. 1906ರಲ್ಲಿ ಬಟ್ಟೆ ಮಿಲ್ಲುಗಳ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್ ಇಂಥದ್ದಕ್ಕೆ 'ಏರ್ ಕಂಡೀಷನಿಂಗ್' ಎಂಬ ಹೆಸರು ಕೊಟ್ಟರು. ಹಾಳೆಗೆ, ನೂಲಿಗೆ ಹುಟ್ಟಿದ ತಂಪು ಮನುಷ್ಯರಿಗೆ ಸಿಕ್ಕಿದ್ದು ಆಮೇಲೆ.

ಆ ಯಂತ್ರಗಳು ಮನೆಯಷ್ಟು ದೊಡ್ಡವು. ಕಟ್ಟಡಕ್ಕೆ ಒಂದೇ ಯಂತ್ರ, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಕೋಣೆಕೋಣೆಗೆ ಗಾಳಿ. ಒಂದೇ ಯಂತ್ರ ಇದ್ದಾಗ ಹತೋಟಿಯೂ ಒಂದೇ ಕಡೆ ಇರುತ್ತದೆ. ಅದರಲ್ಲಿ ತೊಡಕಿಲ್ಲ.

ತೊಡಕು ಶುರುವಾದದ್ದು 1930ರ ದಶಕದಲ್ಲಿ, ಕಿಟಕಿಗೆ ಕೂರಿಸುವ ಎಸಿ ಬಂದಾಗ. ಮೊದಲು ಅದು ಬಹಳ ಶ್ರೀಮಂತರಿಗೆ ಮಾತ್ರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೆಲೆ ಇಳಿದು ಲಕ್ಷಗಟ್ಟಲೆ ಮಾರಾಟವಾಯಿತು. ನಮ್ಮ ದೇಶದಲ್ಲಿ ಎಸಿ ಅಂದಕೂಡಲೇ ಹಲವರ ಬಾಯಿಗೆ ಬರುವ ವೋಲ್ಟಾಸ್ ಕಂಪನಿ ಹುಟ್ಟಿದ್ದು 1954ರಲ್ಲಿ. ಹೋಟೆಲು, ಆಸ್ಪತ್ರೆ, ಆಫೀಸುಗಳು ಕೋಣೆಗೊಂದರಂತೆ ಎಸಿ ಹಾಕಿಸಿದವು. ಕೊಳವೆ ಎಳೆಯುವ ಖರ್ಚಿಲ್ಲ, ಬೇಕಾದ ಕೋಣೆಗೆ ಮಾತ್ರ ಹಾಕಿದರೆ ಸಾಕು.

ಆದರೆ ಈಗ ಇನ್ನೂರು ಕೋಣೆಗೆ ಇನ್ನೂರು ಗುಬುಟು. ಯಾರು ಹಾಕಿದರು, ಯಾರು ಆರಿಸದೆ ಹೋದರು, ಯಾರಿಗೂ ಗೊತ್ತಿಲ್ಲ. ಮತ್ತೆ ಒಬ್ಬ ಜವಾನ ಸಂಜೆ ಆರಕ್ಕೆ ಕೋಣೆಕೋಣೆ ಸುತ್ತಿ ಸ್ವಿಚ್ ಆರಿಸಬೇಕು. ಎಪ್ಪತ್ತು ವರ್ಷದ ಕೆಳಗೆ ಜಾನ್ಸನ್ ಮೇಷ್ಟ್ರು ತಪ್ಪಿಸಿದ್ದ ಓಡಾಟ ವಾಪಸ್ ಬಂತು.

ಎಣ್ಣೆ ತುಟ್ಟಿಯಾದ ವರ್ಷ

ಕರೆಂಟ್ ಅಗ್ಗವಾಗಿದ್ದಷ್ಟು ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ಕೊಡುವುದನ್ನು ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಹತ್ತಿರ ಹತ್ತಿರ ನಾಲ್ಕು ಪಟ್ಟಾಯಿತು. ಖಾಲಿ ಕೋಣೆಯಲ್ಲಿ ಓಡುವ ಎಸಿ ಆಗ ಕಟ್ಟಡದ ಮಾಲೀಕರ ಕಣ್ಣಿಗೆ ಬಿತ್ತು.

ಸಾಧನ ಅದಕ್ಕೆ ಸ್ವಲ್ಪ ಮೊದಲೇ ಬಂದಿತ್ತು. ಜಾನ್ಸನ್ ಮೇಷ್ಟ್ರು ಕಟ್ಟಿದ ಅದೇ ಕಂಪನಿ 1972ರಲ್ಲಿ 'ಜೆಸಿ/80' ಎಂಬ ವ್ಯವಸ್ಥೆ ತಂದಿತು. ಸಣ್ಣ ಕಂಪ್ಯೂಟರ್ ಇಟ್ಟು ಇಡೀ ಕಟ್ಟಡದ ಬಿಸಿ, ತಂಪನ್ನು ನೋಡಿಕೊಳ್ಳುವ ಮೊದಲ ವ್ಯವಸ್ಥೆಗಳಲ್ಲಿ ಅದೂ ಒಂದು. ಎಣ್ಣೆ ತುಟ್ಟಿಯಾದಾಗ ಇಂಥವುಗಳಿಗೆ ಬೇಡಿಕೆ ಬಂತು.

ಆದರೆ ಆ ಕಾಲದ ದೊಡ್ಡ ತಲೆನೋವು ತಂತಿಯೇ ಆಗಿತ್ತು. ಒಂದು ಯಂತ್ರ ಆನ್ ಮಾಡಲು ಒಂದು ಜೋಡಿ ತಂತಿ, ಅದು ಓಡುತ್ತಿದೆಯೇ ತಿಳಿಯಲು ಇನ್ನೊಂದು ಜೋಡಿ, ಕೋಣೆಯ ಶಾಖ ತಿಳಿಯಲು ಮತ್ತೊಂದು. ಕೋಣೆಗೆ ಮೂರು ಜೋಡಿ ಅಂದರೆ ಇನ್ನೂರು ಕೋಣೆಗೆ ಆರುನೂರು ಜೋಡಿ. ತಾಮ್ರದ ಬೆಲೆ ಕೇಳಿದರೆ ಎಸಿಯೇ ಬೇಡ ಅನ್ನಿಸಬೇಕು.

ಹಾಜರಿ ಪುಸ್ತಕದ ಉಪಾಯ

ಇದನ್ನು ಬಿಡಿಸಿದ್ದು ಕಾರ್ಖಾನೆಗಳಿಂದ ಬಂದ ಉಪಾಯ. 1979ರಲ್ಲಿ ಅಮೆರಿಕದ ಮೋಡಿಕಾನ್ ಕಂಪನಿ ತನ್ನ ಯಂತ್ರಗಳು ಒಂದಕ್ಕೊಂದು ಮಾತಾಡಲು 'ಮಾಡ್‌ಬಸ್' ಎಂಬ ಪದ್ಧತಿ ಮಾಡಿತು. 1983ರಲ್ಲಿ 'ಆರ್‌ಎಸ್-485' ಎಂಬ ತಂತಿಯ ಕಟ್ಟಳೆ ಬಂತು. ಹೆಸರು ಕೇಳಿ ಹೆದರಬೇಡಿ. ನೀವು ಇದನ್ನು ಶಾಲೆಯಲ್ಲೇ ನೋಡಿದ್ದೀರಿ.

ಮೇಷ್ಟ್ರು ಹಾಜರಿ ಕೂಗುತ್ತಾರೆ. "ನಂಬರ್ ಏಳು!" ಏಳನೇ ನಂಬರಿನ ಹುಡುಗ ಮಾತ್ರ "ಹಾಜರ್ ಸಾರ್" ಅನ್ನುತ್ತಾನೆ. ಉಳಿದವರಿಗೂ ಕೇಳಿಸುತ್ತದೆ, ಆದರೆ ಸುಮ್ಮನಿರುತ್ತಾರೆ. ಹಾಗಾಗಿ ಒಂದೇ ಕೋಣೆಯಲ್ಲಿ ಒಬ್ಬರೇ ಮೇಷ್ಟ್ರು ಎಲ್ಲರ ವಿಚಾರ ತಿಳಿಯಬಹುದು. ಇಲ್ಲೂ ಅಷ್ಟೇ. ಎರಡೇ ತಂತಿ ಒಂದು ಎಸಿಯಿಂದ ಇನ್ನೊಂದಕ್ಕೆ ಹಾರದ ಹಾಗೆ ಪೋಣಿಸಿಕೊಂಡು ಹೋಗುತ್ತದೆ. ಒಂದೊಂದು ಎಸಿಗೆ ಒಂದೊಂದು ನಂಬರ್. ಕಂಪ್ಯೂಟರ್ "ಏಳು, ನಿನ್ನ ಕೋಣೆ ಎಷ್ಟು ಡಿಗ್ರಿ?" ಅನ್ನುತ್ತದೆ. ಏಳು ಮಾತ್ರ ಉತ್ತರ ಕೊಡುತ್ತದೆ. ಮೂಲ ಕಟ್ಟಳೆಯ ಪ್ರಕಾರ ಇಂಥ ಒಂದು ಜೋಡಿ ತಂತಿಯಲ್ಲಿ 32 ಸಾಧನ ಪೋಣಿಸಬಹುದು, ತಂತಿ ಸುಮಾರು 1200 ಮೀಟರ್ ಹೋಗಬಹುದು.

ನಮ್ಮ ಹುಡುಗ ಹೇಳಿದ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಎರಡು ಎಸಿಗೆ ಒಂದೇ ನಂಬರ್ ಕೊಟ್ಟುಬಿಟ್ಟಿದ್ದನಂತೆ. ಇಬ್ಬರು ಹುಡುಗರು ಒಟ್ಟಿಗೆ "ಹಾಜರ್" ಅಂದರೆ ಯಾರು ಬಂದಿದ್ದಾರೆ ಅಂತ ಗೊತ್ತಾಗುತ್ತದೆಯೇ? ಎರಡು ದಿನ ಹುಡುಕಿದರಂತೆ. ಇನ್ನೊಂದು ಪಾಠ ಅವನು ಕಲಿತದ್ದು: ಈ ತಂತಿಯನ್ನು ಕರೆಂಟಿನ ದಪ್ಪ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಎಳೆಯಬಾರದು. ಪಕ್ಕದಲ್ಲಿ ಫ್ಲೋರ್ ಮಿಲ್ ಓಡುವಾಗ ಹಾಜರಿ ಕೂಗಿದ ಹಾಗಾಗುತ್ತದೆ.

ಒಬ್ಬೊಬ್ಬರದು ಒಂದೊಂದು ಭಾಷೆ

ತಂತಿ ಕಡಿಮೆಯಾಯಿತು, ಆದರೆ ಒಂದೊಂದು ಕಂಪನಿಯೂ ತನ್ನದೇ ಭಾಷೆ ಮಾಡಿಕೊಂಡಿತು. ಒಬ್ಬರ ಕಂಟ್ರೋಲರ್ ಇನ್ನೊಬ್ಬರ ಯಂತ್ರದ ಜೊತೆ ಮಾತಾಡುವುದಿಲ್ಲ. ಒಮ್ಮೆ ಒಂದು ಕಂಪನಿಯ ಮಾಲು ಹಾಕಿಸಿದರೆ ಮುಂದೆ ಬೋಲ್ಟು ನಟ್ಟಿಗೂ ಅವರ ಬಾಗಿಲಿಗೇ ಹೋಗಬೇಕು. ಟ್ರಾಕ್ಟರ್ ತಗೊಂಡವರಿಗೆ ಈ ಕಷ್ಟ ಹೇಳಿಕೊಡಬೇಕಿಲ್ಲ.

1987ರಲ್ಲಿ ಅಮೆರಿಕದ ಎಸಿ ಎಂಜಿನಿಯರುಗಳ ಸಂಘವಾದ ಆಶ್ರೇ, ಎಲ್ಲರಿಗೂ ಒಂದೇ ಭಾಷೆ ಮಾಡಲು ಸಮಿತಿ ಮಾಡಿತು. ಅದನ್ನು ಮುನ್ನಡೆಸಿದವರು ಮೈಕ್ ನ್ಯೂಮನ್. ಕ್ಯಾರಿಯರ್ ಓದಿದ ಅದೇ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಎಂಟು ವರ್ಷ ಚರ್ಚೆ ನಡೆದು 1995ರಲ್ಲಿ 'ಬ್ಯಾಕ್‌ನೆಟ್' ಹೊರಬಂತು. 2003ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಯಾವ ಕಂಪನಿಯ ಸ್ವತ್ತೂ ಅಲ್ಲದ ಭಾಷೆ ಇದು.

ಈ ನಡುವೆ ಜಪಾನಿನ ಡೈಕಿನ್ 1982ರಲ್ಲಿ ಒಂದೇ ಹೊರಗಿನ ಯಂತ್ರಕ್ಕೆ ಹಲವು ಕೋಣೆಗಳ ಎಸಿ ಜೋಡಿಸುವ 'ವಿಆರ್‌ವಿ' ತಂದಿತು. ಇಂಥ ಯಂತ್ರಗಳಲ್ಲಿ ಮಾತಾಡುವ ತಂತಿ ಮೊದಲೇ ಇರುತ್ತದೆ. ಕಷ್ಟ ಇರುವುದು ನಾವು ನೀವು ಅಂಗಡಿಯಲ್ಲಿ ಕೊಳ್ಳುವ ಸಾದಾ ಸ್ಪ್ಲಿಟ್ ಎಸಿಗಳಲ್ಲಿ. ಅವು ಕೋಣೆಯಲ್ಲಿ ಒಂಟಿಯಾಗಿ ಇರಲೆಂದೇ ಹುಟ್ಟಿದವು.

ಕಿವಿ ಇಲ್ಲದ ಕೈ

ಸಾದಾ ಎಸಿಗಳನ್ನು ಒಂದೇ ಕಡೆಗೆ ಸೇರಿಸಲು ಮೂರು ದಾರಿ ಇವೆ ಅಂತ ನಮ್ಮ ಹುಡುಗ ಹೇಳಿದ.

ಮೊದಲನೆಯದು ಅಗ್ಗದ್ದು, ಕೆಟ್ಟದ್ದು. ಎಸಿಗೆ ಹೋಗುವ ಕರೆಂಟನ್ನೇ ಟೈಮರ್ ಇಟ್ಟು ಕತ್ತರಿಸುವುದು. ಓಡುವ ಕಂಪ್ರೆಸರ್‌ನ ಕರೆಂಟ್ ಕಿತ್ತು ತಕ್ಷಣ ಮತ್ತೆ ಕೊಟ್ಟರೆ ಒಳಗಿನ ಗ್ಯಾಸಿನ ಒತ್ತಡ ಇನ್ನೂ ಇಳಿದಿರುವುದಿಲ್ಲ. ಮೂರು ನಿಮಿಷವಾದರೂ ಬಿಡಬೇಕು. ಜೊತೆಗೆ, ರಿಮೋಟಿನ ಎಷ್ಟೋ ಎಸಿಗಳು ಕರೆಂಟ್ ಬಂದ ಮೇಲೆ ತಾವಾಗಿ ಏಳುವುದಿಲ್ಲ. ಅದಕ್ಕೆ 'ಆಟೋ ರೀಸ್ಟಾರ್ಟ್' ಇರಬೇಕು.

ಎರಡನೆಯದು, ಕೋಣೆಯಲ್ಲಿ ರಿಮೋಟಿನಂಥದ್ದೇ ಒಂದು ಸಣ್ಣ ಡಬ್ಬಿ ಇಟ್ಟು, ಕೆಳಗಿನಿಂದ ಹೇಳಿದಾಗ ಅದು ಎಸಿ ಕಡೆಗೆ ಬೆಳಕಿನ ಸಂದೇಶ ಬಿಡುವುದು. ಇದು ಪರವಾಗಿಲ್ಲ. ಆದರೆ ಎಸಿ ಮಾತು ಕೇಳಿತೋ ಇಲ್ಲವೋ ಡಬ್ಬಿಗೆ ಗೊತ್ತಾಗುವುದಿಲ್ಲ. ಮಧ್ಯೆ ಯಾರೋ ಪರದೆ ಎಳೆದಿದ್ದರೆ ಕಂಪ್ಯೂಟರ್ 'ಆಫ್' ಅನ್ನುತ್ತದೆ, ಎಸಿ ಓಡುತ್ತಲೇ ಇರುತ್ತದೆ.

ಮೂರನೆಯದು, ಎಸಿಯ ಬೋರ್ಡಿಗೇ ಸೇರುವ ಅಡಾಪ್ಟರ್ ಹಾಕಿ, ಹಾಜರಿ ತಂತಿಗೆ ಜೋಡಿಸುವುದು. ಖರ್ಚು ಜಾಸ್ತಿ. ಆದರೆ ಎಸಿ ತಾನು ಏನು ಮಾಡುತ್ತಿದ್ದೇನೆ, ಕೋಣೆ ಎಷ್ಟು ಬಿಸಿ, ಏನು ಕೆಟ್ಟಿದೆ ಅಂತ ಹೇಳುತ್ತದೆ.

ಅವನು ಮೊದಲು ಕೆಲಸ ಮಾಡಿದ ಒಂದು ಕಟ್ಟಡದಲ್ಲಿ ಗುತ್ತಿಗೆದಾರ ಮೊದಲನೇ ದಾರಿ ಹಿಡಿದಿದ್ದ. ಸಂಜೆ ಆರಕ್ಕೆ ಎಲ್ಲ ಕಟ್. ಒಂದು ದಿನ ಕಿಟಕಿ ತೆರೆಯಲಾಗದ ಕೋಣೆಯಲ್ಲಿ ನಲವತ್ತು ಜನರ ತರಬೇತಿ ತಡವಾಗಿ ನಡೆಯುತ್ತಿತ್ತು. ಎಸಿ ನಿಂತಿತು. ಫೋನ್ ಮಾಡಿದರು, ಕೆಳಗೆ ಯಾರೂ ಇಲ್ಲ. ಅರ್ಧ ಗಂಟೆಯಲ್ಲಿ ಒಬ್ಬ ಹೆಂಗಸು ತಲೆಸುತ್ತಿ ಬಿದ್ದರು. ಆಮೇಲೆ ಬೈಗುಳ ಬಿದ್ದದ್ದು ಟೈಮರ್‌ಗಲ್ಲ, ಕಟ್ಟಡದ ಎಲೆಕ್ಟ್ರಿಷಿಯನ್ ಹುಡುಗನಿಗೆ. "ತಂತಿ ಎಳೆದಿದ್ದು ನಾನೇ ಅಣ್ಣ. ಆ ಕೋಣೆಯಿಂದ ಕೆಳಗೆ ಒಂದು ಮಾತು ಬರೋಕೆ ದಾರಿನೇ ಇಟ್ಟಿರಲಿಲ್ಲ" ಅಂದ.

ನಮ್ಮ ಟಿಸಿಗೂ ಇದಕ್ಕೂ

ಚೆನ್ನಾಗಿ ಮಾಡಿದ ವ್ಯವಸ್ಥೆ ಏನು ಮಾಡುತ್ತದೆ? ಕರೆಂಟ್ ಹೋಗಿ ಬಂದಾಗ ನೂರು ಎಸಿಯನ್ನೂ ಒಟ್ಟಿಗೆ ಎಬ್ಬಿಸುವುದಿಲ್ಲ. ಒಂದೊಂದೇ ಸೆಕೆಂಡು ಬಿಟ್ಟು ಸಾಲಾಗಿ ಎಬ್ಬಿಸುತ್ತದೆ. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಎಲ್ಲ ಒಟ್ಟಿಗೆ ಎದ್ದರೆ ಆ ಕಟ್ಟಡದ ಟ್ರಾನ್ಸ್‌ಫಾರ್ಮರ್ ಗತಿಯೂ ನಮ್ಮ ಟಿಸಿಯ ಗತಿಯೇ. ಖಾಲಿ ಕೋಣೆ ಗುರುತಿಸಿ ಆರಿಸುತ್ತದೆ. ಶಾಖವನ್ನು 18ಕ್ಕೆ ಇಳಿಸಲು ಬಿಡದೆ 24ರ ಹತ್ತಿರ ಹಿಡಿಯುತ್ತದೆ. ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇ. 6ರಷ್ಟು ಕರೆಂಟ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಕೋಣೆ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂಬ ನಿಯಮವೂ ಇದೆ.

ನಗರದ ಎಸಿ ಉಳಿಸಿದ ಕರೆಂಟ್ ನೇರವಾಗಿ ನಮ್ಮ ಹೊಲಕ್ಕೆ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಬೇಸಿಗೆಯಲ್ಲಿ ಎಸಿಯೂ ಪಂಪ್‌ಸೆಟ್ಟೂ ಎಳೆಯುವುದು ಒಂದೇ ಗ್ರಿಡ್ಡಿನಿಂದ. ಕೊರತೆ ಬಂದಾಗ ಮೊದಲು ಕೈ ಬೀಳುವುದು ಯಾರ ಫೀಡರ್ ಮೇಲೆ ಅನ್ನುವುದು ನಿಮಗೆ ಗೊತ್ತು.

ನನಗೆ ಕಾಡಿದ್ದು ಬೇರೆ. ನಮಗೆ ತ್ರೀ ಫೇಸ್ ಕೊಡುವುದೂ ಒಂದು ಕಡೆಯಿಂದ ನಡೆಯುವ ಹತೋಟಿಯೇ. ಎಲ್ಲೋ ಸಬ್‌ಸ್ಟೇಷನ್ನಿನಲ್ಲಿ ಒಂದು ಸ್ವಿಚ್ ಬೀಳುತ್ತದೆ, ನೂರು ಮೋಟರ್ ಒಟ್ಟಿಗೆ ಏಳುತ್ತವೆ. ಯಾರ ಬಾವಿಯಲ್ಲಿ ನೀರಿದೆ, ಯಾರ ಟಿಸಿ ಕಾದಿದೆ, ಯಾರ ಬೆಳೆ ಇವತ್ತು ತಡೆಯುವುದಿಲ್ಲ, ಆ ಸ್ವಿಚ್ಚಿಗೆ ಗೊತ್ತಿಲ್ಲ. ನಾವೂ ಕಡಿಮೆಯಲ್ಲ. ರಾತ್ರಿ ಎರಡಕ್ಕೆ ಎದ್ದು ಹೋಗುವ ಕಷ್ಟಕ್ಕೆ ಆಟೋ ಸ್ಟಾರ್ಟರ್ ಹಾಕಿ ಮಲಗಿದೆವು. ಆ ಕಡೆ ಕಿವಿ ಇಲ್ಲ, ಈ ಕಡೆಯೂ ಕಿವಿ ಇಲ್ಲ. ನಡುವೆ ಟಿಸಿ ಸುಟ್ಟಿತು.

ಹೋಗುವ ಮುನ್ನ ನಮ್ಮ ಹುಡುಗ ಎರಡು ಕೆಲಸ ಮಾಡಿದ. ನಮ್ಮ ಸ್ಟಾರ್ಟರ್‌ಗೆ ಕರೆಂಟ್ ಬಂದು ಕೆಲವು ನಿಮಿಷ ಬಿಟ್ಟು ಮೋಟರ್ ಎಬ್ಬಿಸುವ ಟೈಮರ್ ಹಾಕಿದ. ಅದೇ ಟಿಸಿಯ ಇನ್ನೂ ಆರು ಜನರ ಹತ್ತಿರ ಹೋಗಿ, ಒಬ್ಬೊಬ್ಬರದಕ್ಕೂ ಬೇರೆ ಬೇರೆ ನಿಮಿಷ ಇಟ್ಟುಕೊಟ್ಟ. ಇಬ್ಬರು ಒಪ್ಪಲಿಲ್ಲ, "ನಮ್ಮ ಪಾಳಿ ಯಾಕೆ ಕೊನೆಗೆ?" ಅಂತ. ಅವರ ಮಾತಿನಲ್ಲೂ ನ್ಯಾಯ ಇತ್ತು. ಕೊನೆಗೆ ವಾರಕ್ಕೊಮ್ಮೆ ಪಾಳಿ ಬದಲಾಯಿಸುವುದು ಅಂತಾಯಿತು. ಅದನ್ನು ಬದಲಾಯಿಸುವ ಜವಾಬ್ದಾರಿ ಒಬ್ಬ ಹಿರಿಯರು ತಗೊಂಡರು. ಅವರ ಅಪ್ಪ ನಮ್ಮೂರ ಕೆರೆಯ ನೀರಗಂಟಿಯಾಗಿದ್ದರು.

ಈ ಬೇಸಿಗೆ ಇನ್ನೂ ಟಿಸಿ ಸುಟ್ಟಿಲ್ಲ.